ದೋರಸಮುದ್ರವನ್ನು ನಡೆದು ನೋಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ — ಈ ಊರುಗಳಲ್ಲಿ ಮನೆಗೆ ದೂರದ ನೆಂಟರು ಬಂದರೆಂದರೆ, ಒಂದು ದಿನ ಬಿಡುವು ಮಾಡಿಕೊಂಡು ಅವರನ್ನು ಹಳೇಬೀಡಿಗೆ ಕರೆದೊಯ್ಯುವುದು ವಾಡಿಕೆ. ಮುಕ್ಕಾಲು ಗಂಟೆಯಲ್ಲಿ ಹೊಯ್ಸಳೇಶ್ವರನ ಗುಡಿಯನ್ನು ಒಂದು ಸುತ್ತು ಸುತ್ತಿ, ನಂದಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಬೇಲೂರಿನ ದಾರಿ ಹಿಡಿಯುವುದೂ ವಾಡಿಕೆಯೇ. ಹೀಗೆ ನೋಡಿ ಬಂದವರು ಒಂದು ದೇವಾಲಯವನ್ನು ನೋಡಿದರು, ನಿಜ. ಆದರೆ ಒಂದು ರಾಜಧಾನಿಯನ್ನು ನೋಡಲಿಲ್ಲ. ಮುನ್ನೂರು ವರ್ಷಗಳ ಹತ್ತಿರ ಕನ್ನಡ ನಾಡಿನ ಒಂದು ದೊಡ್ಡ ಅರಸುಮನೆತನಕ್ಕೆ ನೆಲೆಯಾಗಿದ್ದ ಪಟ್ಟಣ ಅಲ್ಲಿ ರಾಗಿಹೊಲಗಳ ನಡುವೆ, ತೋಟಗಳ ಬೇಲಿಯ ಬದಿಯಲ್ಲಿ, ಹಳ್ಳಿಯ ಮನೆಗಳ ಅಡಿಯಲ್ಲಿ ಹರಡಿಕೊಂಡು ಬಿದ್ದಿದೆ. ಅದನ್ನು ನೋಡಬೇಕಾದರೆ ವಾಹನದಿಂದ ಇಳಿದು ನಡೆಯಬೇಕು.

ದೂರದ ದೇಶಗಳ ರಾಜಧಾನಿಗಳನ್ನು ಪ್ರವಾಸಿಗಳು ನಡೆದೇ ನೋಡುತ್ತಾರೆ. ಮಧ್ಯ ಏಷ್ಯದ ತಾಷ್ಕೆಂಟ್ ನಗರದ ಹೆಸರು ನಮಗೆಲ್ಲ ಪರಿಚಿತ; ನಮ್ಮ ಪ್ರಧಾನಿಗಳಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ೧೯೬೬ರ ಜನವರಿಯಲ್ಲಿ ತೀರಿಕೊಂಡದ್ದು ಅಲ್ಲಿಯೇ. ಅದೇ ವರ್ಷದ ಏಪ್ರಿಲ್ ತಿಂಗಳ ಭೂಕಂಪದಲ್ಲಿ ಆ ನಗರದ ಬಹುಭಾಗ ಕುಸಿದು, ಮತ್ತೆ ಹೊಸದಾಗಿ ಎದ್ದಿತು. ಈಗ ಅಲ್ಲಿಗೆ ಹೋದವರು ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು ಚೌಕದಿಂದ ಚೌಕಕ್ಕೆ, ಸ್ಮಾರಕದಿಂದ ಸ್ಮಾರಕಕ್ಕೆ ನಡೆಯುತ್ತಾರೆ. ನೆಲ ನಡುಗಿ ಬಿದ್ದರೂ ರಾಜಧಾನಿಯಾಗಿಯೇ ಉಳಿದ ಊರು ಅದು. ನಮ್ಮ ದೋರಸಮುದ್ರದ ಪಾಡು ಬೇರೆ. ಇಲ್ಲಿ ಅರಸರು ಹೋದರು, ಪೇಟೆ ಹೋಯಿತು. ಕಲ್ಲುಗಳು ಮಾತ್ರ ಉಳಿದುವು. ಆ ಕಲ್ಲುಗಳ ಬಾಯಿಂದಲೇ ಪಟ್ಟಣದ ಕಥೆಯನ್ನು ಕೇಳಬೇಕಾಗಿದೆ.

ಹಾಸನದಿಂದ ಹಳೇಬೀಡಿಗೆ ಸುಮಾರು ೩೧ ಕಿಲೋಮೀಟರು. ಹೊಳೆನರಸೀಪುರದವರಿಗೆ ಹಾಸನದವರೆಗೆ ರೈಲುಂಟು. ಬೆಂಗಳೂರು–ಹಾಸನ ನೇರ ಮಾರ್ಗ ೨೦೧೭ರಲ್ಲಿ ತೆರೆದಂದಿನಿಂದ ಚನ್ನರಾಯಪಟ್ಟಣದವರಿಗೂ ಉಂಟು. ಅರಕಲಗೂಡಿನವರಿಗೆ ಬಸ್ಸೇ ಗತಿ. ಎಲ್ಲಿಂದ ಹೊರಟರೂ ಬೆಳಗ್ಗೆ ಎಂಟರ ಹೊತ್ತಿಗೆ ಹಳೇಬೀಡಿನಲ್ಲಿ ಇಳಿಯುವಂತೆ ಹೊರಡಿ. ಬುತ್ತಿ, ಕುಡಿಯುವ ನೀರು, ಬಿಸಿಲಿಗೊಂದು ಕೊಡೆ, ಕಾಲಿಗೆ ಸುಲಭವಾಗಿ ಕಳಚುವಂಥ ಮೆಟ್ಟು — ಇಷ್ಟಿದ್ದರೆ ಸಾಕು. ಬಸದಿ, ಗುಡಿಗಳ ಬಾಗಿಲಲ್ಲಿ ಮತ್ತೆ ಮತ್ತೆ ಮೆಟ್ಟು ಬಿಡಬೇಕಾಗುವುದರಿಂದ ಈ ಮಾತು ಹೇಳಿದೆ.

ಮೊದಲು ಗುಡಿಗೆ ನುಗ್ಗಬೇಡಿ. ಕೆರೆಯ ಕಡೆ ಹೋಗಿ ನಿಲ್ಲಿ. ಪಟ್ಟಣಕ್ಕೆ ಹೆಸರು ಕೊಟ್ಟದ್ದೇ ಈ ಕೆರೆ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ‘ಸಮುದ್ರ’ವೆಂದೂ ‘ಸಾಗರ’ವೆಂದೂ ಕರೆದರು, ಕಡಲಿನಿಂದ ದೂರವಿದ್ದ ಬಯಲುನಾಡಿನ ಜನಕ್ಕೆ ಬದುಕು ಕೊಡುತ್ತಿದ್ದ ನೀರು ಸಮುದ್ರಕ್ಕಿಂತ ಕಡಮೆಯೇನಲ್ಲ. ಶಾಸನಗಳಲ್ಲಿ ಪಟ್ಟಣದ ಹೆಸರು ‘ದೋರಸಮುದ್ರ’ವೆಂದಿದೆ, ಸಂಸ್ಕೃತದ ಉಡುಗೆ ತೊಟ್ಟಾಗ ‘ದ್ವಾರಸಮುದ್ರ’ವಾಗುತ್ತದೆ. ಅರಸ ಎಲ್ಲಿಂದ ಆಳುತ್ತಿದ್ದನೆಂದು ಹೇಳುವಾಗ ಶಾಸನಕವಿಗಳು ‘ನೆಲೆವೀಡು’ ಎಂಬ ಮಾತನ್ನು ಬಳಸುತ್ತಾರೆ. ಬೀಡು ಎಂದರೆ ಇಳಿದುಕೊಳ್ಳುವ ತಾಣ, ಪಾಳೆಯ. ದಂಡು ಹೋದಲ್ಲೆಲ್ಲ ಬೀಡು ಬಿಡುತ್ತದೆ. ಆದರೆ ಅರಸ ನೆಲೆಯಾಗಿ ನಿಲ್ಲುವ ಬೀಡು ಒಂದೇ. ಅದು ನೆಲೆವೀಡು. ‘ನೆಲೆ’ಯ ಮುಂದೆ ‘ಬೀಡು’ ಬಂದಾಗ ಬಕಾರ ವಕಾರವಾಗುವುದು ನಮ್ಮ ಹಳಗನ್ನಡದ ಸಂಧಿಕ್ರಮ. ಆ ವ್ಯಾಕರಣವನ್ನು ಬರೆದಿಟ್ಟ ಕೇಶಿರಾಜನೂ ಹೊಯ್ಸಳರ ಕಾಲದವನೇ ಎಂಬುದು ನೆನಪಿರಲಿ. ಅರಸರು ಇಲ್ಲವಾದ ಮೇಲೆ ‘ನೆಲೆ’ ಕಳಚಿಬಿದ್ದು, ಅದೇ ಊರು ಜನರ ಬಾಯಲ್ಲಿ ‘ಹಳೆಯ ಬೀಡು’ ಆಯಿತು. ಊರಿನ ಚರಿತ್ರೆಯೆಲ್ಲ ಈ ಎರಡು ಹೆಸರುಗಳ ನಡುವೆಯೇ ಇದೆ.

ಹೊಯ್ಸಳರು ಮಲೆನಾಡಿನ ಅಂಚಿನವರು. ಅವರ ಮೂಲ ಸೊಸೆವೂರು, ಈಗಿನ ಮೂಡಿಗೆರೆ ತಾಲೂಕಿನ ಅಂಗಡಿ. ಅಲ್ಲಿಂದ ಇಳಿದು ಬಂದವರು ೧೧ನೆಯ ಶತಮಾನದಲ್ಲಿ ಈ ಕೆರೆಯ ಬಳಿ ನೆಲೆಯೂರಿದರು. ಬೇಲೂರೂ ಅವರ ಇನ್ನೊಂದು ಮುಖ್ಯ ಪಟ್ಟಣವಾಗಿತ್ತು. ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಸಂಗತಿ ನೀವು ಬಲ್ಲದ್ದು. ಅದಾದ ನಾಲ್ಕೇ ವರ್ಷಗಳಲ್ಲಿ, ೧೧೨೧ರ ಹೊತ್ತಿಗೆ, ಅವನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ ದೋರಸಮುದ್ರದಲ್ಲಿ ಹೊಯ್ಸಳೇಶ್ವರನ ಗುಡಿ ಎದ್ದಿತು. ಅರಸ ಕಟ್ಟಿಸಿದ್ದು ಬೇಲೂರಿನಲ್ಲಿ. ಇಲ್ಲಿ ಮುಂದಾದವರು ಅಧಿಕಾರಿಗಳು, ವರ್ತಕರು. ಹಣವಂತವಾದ ಒಂದು ಪಟ್ಟಣದ ಹೆಮ್ಮೆ ಈ ಗುಡಿಯಲ್ಲಿ ಕಾಣುತ್ತದೆ.

ಈಗ ಒಳಗೆ ಬನ್ನಿ. ಇದು ಎರಡು ಗರ್ಭಗುಡಿಗಳ ದೇವಾಲಯ. ತೆಂಕಣದ್ದು ಹೊಯ್ಸಳೇಶ್ವರ, ಬಡಗಣದ್ದು ಶಾಂತಲೇಶ್ವರ. ಎರಡೂ ಮೂಡಣಕ್ಕೆ ಮುಖ ಮಾಡಿವೆ. ಎದುರಿಗೆ ಒಂದೊಂದು ನಂದಿಮಂಟಪ. ತೆಂಕಣ ನಂದಿಯ ಬೆನ್ನ ಹಿಂದೆ ಒಂದು ಪುಟ್ಟ ಸೂರ್ಯನ ಗುಡಿ ಉಂಟು. ಬಹುಮಂದಿ ಅದನ್ನು ನೋಡದೆಯೇ ಹೋಗುತ್ತಾರೆ. ಬೆಳಗಿನ ಹೊತ್ತೇ ಬನ್ನಿ ಎಂದದ್ದು ಏಕೆಂದರೆ, ಮೂಡಣದಿಂದ ಓರೆಯಾಗಿ ಬೀಳುವ ಎಳಬಿಸಿಲಿನಲ್ಲಿ ಕೆತ್ತನೆಯ ಆಳ ಕಣ್ಣಿಗೆ ಹತ್ತುವಂತೆ ನಡುಹಗಲಿನಲ್ಲಿ ಹತ್ತುವುದಿಲ್ಲ.

ಗೋಡೆಯನ್ನು ಓದುವ ಕ್ರಮವೊಂದುಂಟು. ಬಲಗೊಂಡು, ಅಂದರೆ ಪ್ರದಕ್ಷಿಣೆಯಾಗಿ ನಡೆಯಿರಿ. ಕಣ್ಣು ಕೆಳಗಿನಿಂದ ಮೇಲಕ್ಕೆ ಏರಲಿ. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು. ಸಾವಿರಕ್ಕೂ ಮೀರಿದ ಆನೆಗಳು, ಒಂದರಂತೆ ಇನ್ನೊಂದಿಲ್ಲ. ಅವುಗಳ ಮೇಲೆ ಸಿಂಹಗಳು, ಬಳ್ಳಿಸುರುಳಿ, ಕುದುರೆಸವಾರರು, ಮತ್ತೆ ಬಳ್ಳಿ. ಅದರ ಮೇಲಿನ ಪಟ್ಟಿಕೆ ರಾಮಾಯಣ, ಭಾರತ, ಭಾಗವತಗಳ ಕಥೆಗಳದು. ಅದಕ್ಕೂ ಮೇಲೆ ಮಕರ, ಹಂಸ. ಕಥೆಯ ಪಟ್ಟಿಕೆಯನ್ನು ಮನುಷ್ಯನ ಕಣ್ಣು ಸಲೀಸಾಗಿ ನಿಲ್ಲುವ ಎತ್ತರದಲ್ಲಿ ಇಟ್ಟಿರುವುದನ್ನು ಗಮನಿಸಿ. ಅಕ್ಷರ ಬಾರದವನೂ ನಡೆಯುತ್ತ ನಡೆಯುತ್ತ ಪುರಾಣ ಕೇಳಿದಂತಾಗಬೇಕೆಂಬುದು ಇದರ ಹಿಂದಿನ ಉದ್ದೇಶವೆಂದು ನನಗೆ ತೋರುತ್ತದೆ. ಚಕ್ರವ್ಯೂಹದಲ್ಲಿ ಸಿಕ್ಕಿದ ಅಭಿಮನ್ಯುವನ್ನು ಮಕ್ಕಳೇ ಹುಡುಕಲಿ, ನೀವು ತೋರಿಸಬೇಡಿ. ಮೇಲಿನ ದೊಡ್ಡ ವಿಗ್ರಹಗಳಲ್ಲಿ ಕೈಲಾಸವನ್ನೆತ್ತುವ ರಾವಣ, ಗೋವರ್ಧನಧಾರಿ, ಗಜಾಸುರನ ತೊಗಲನ್ನು ಹರಡಿ ಕುಣಿಯುವ ಶಿವ — ಈ ಮೂರರ ಮುಂದೆಯಾದರೂ ನಿಧಾನವಾಗಿ ನಿಲ್ಲಿ.

ಇಷ್ಟು ಕುಸುರಿ ಕಲ್ಲಿನಲ್ಲಿ ಹೇಗೆ ಸಾಧ್ಯವಾಯಿತೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತುವಾಗಿರುತ್ತದೆ. ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಒಳಗಿನ ನುಣುಪಾದ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಕಾಲದಲ್ಲಿಯೂ ಕೆಲಸ ಮುಂದುವರಿಯಿತು. ಆಗಿನ ಮುಖ್ಯ ಶಿಲ್ಪಿ ಕೇದಾರೋಜನೆಂದು ಶಾಸನದಿಂದ ತಿಳಿಯುತ್ತದೆ. ಹಲವು ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರುಗಳೂ ಇವೆ. ಅವರ ಕೈಬರಹವನ್ನು ಬೆರಳಿನಿಂದ ಮುಟ್ಟದೆ ಕಣ್ಣಿನಿಂದ ಓದಿ. ಸಾವಿರಾರು ಬೆರಳುಗಳ ಬೆವರು ಕಲ್ಲನ್ನು ಸವೆಸುತ್ತದೆ. ಫರ್ಗುಸನ್ ಎಂಬ ೧೯ನೆಯ ಶತಮಾನದ ವಾಸ್ತುಪಂಡಿತನು ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನಿನ ಪಕ್ಕದಲ್ಲಿಟ್ಟು ವಿಚಾರ ಮಾಡಿದನು. ಅದು ಅಳತೆಯ ಶುದ್ಧಿಗೆ ಮಾದರಿಯಾದರೆ, ಇದು ಮನುಷ್ಯನ ಕಲ್ಪನೆ ಕಟ್ಟಿಲ್ಲದೆ ಹರಿದುದಕ್ಕೆ ಮಾದರಿ ಎಂಬುದು ಅವನ ಅಭಿಪ್ರಾಯದ ಸಾರ. ಆವರಣದ ವಸ್ತುಸಂಗ್ರಹಾಲಯವನ್ನೂ ನೋಡಿ. ಶುಕ್ರವಾರ ಅದಕ್ಕೆ ರಜ.

ಗುಡಿಯ ಪಕ್ಕದಲ್ಲೇ ಒಂದು ಕಂಬ ನಿಂತಿದೆ. ಹೊಯ್ಸಳೇಶ್ವರನನ್ನು ನೋಡಿದ ಕಣ್ಣಿಗೆ ಇದು ಏನೂ ಅಲ್ಲವೆನಿಸಬಹುದು. ಆದರೆ ಹತ್ತಿರ ಹೋಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಂಬದ ಸುತ್ತ ತಮ್ಮ ಕೈಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿರುವ ವೀರರ ಪ್ರತಿಮೆಗಳು. ಇದು ಕುವರ ಲಕ್ಷ್ಮನೆಂಬ ದಂಡನಾಯಕನ ಸ್ಮಾರಕ. ಅವನು ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದನು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಒಡೆಯನಿಗೆ ಪ್ರಾಣವನ್ನೇ ಮೀಸಲಿಟ್ಟವನು ಗರುಡ. ಒಡೆಯನ ತರುವಾಯ ತಾನು ಬದುಕಿರುವುದಿಲ್ಲವೆಂದು ಮಾತು ಕೊಟ್ಟವನು. ಲೆಂಕ, ವೇಳೆವಾಳಿ, ಜೋಳವಾಳಿ ಎಂಬ ಹಳಗನ್ನಡದ ಮಾತುಗಳೂ ಇದೇ ಋಣದ ಸುತ್ತ ಹುಟ್ಟಿದವು. ಬಲ್ಲಾಳನು ೧೨೨೦ರಲ್ಲಿ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಜೊತೆಯವರೂ ಪ್ರಾಣ ಕೊಟ್ಟರು. ಅವರ ನಿಷ್ಠೆಗೆ ನಾವು ತಲೆಬಾಗಬಹುದು; ಒಬ್ಬ ಅರಸನಿಗಾಗಿ ಇಷ್ಟು ಜನ ಸಾಯಬೇಕಾಗಿದ್ದ ಕಾಲ ಹೋಯಿತಲ್ಲ ಎಂದು ನೆಮ್ಮದಿಯನ್ನೂ ಪಡಬಹುದು. ಮಕ್ಕಳು ಕೇಳಿದರೆ ಎರಡನ್ನೂ ಹೇಳಿ.

ಅಲ್ಲಿಂದ ಬಸ್ತಿಹಳ್ಳಿಗೆ ನಡೆಯಿರಿ. ಸ್ವಲ್ಪ ದೂರದ ದಾರಿ. ಇಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳಿವೆ. ಹೊರಗೆ ಅಲಂಕಾರವೇ ಇಲ್ಲ. ಈಗಷ್ಟೇ ನೋಡಿದ ಗೋಡೆಗಳ ಸಡಗರದ ಮುಂದೆ ಇದು ಮೌನದಂತಿದೆ. ಪಾರ್ಶ್ವನಾಥ ಬಸದಿಯ ಒಳಗೆ ಹೋಗಿ ನವರಂಗದ ಕಂಬಗಳ ಮುಂದೆ ನಿಂತರೆ ನಿಮ್ಮ ನೆರಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಅಷ್ಟು ನಯವಾಗಿ ಹೊಳಪು ಕೊಟ್ಟಿದ್ದಾರೆ. ಒಳಗೆ ಎರಡಾಳೆತ್ತರದ ಜಿನಬಿಂಬ.

ಚನ್ನರಾಯಪಟ್ಟಣದ ಕಡೆಯ ವಾಚಕರಿಗೆ ಈ ಬಸದಿ ತಮ್ಮ ನಂಟಿನದೇ ಆಗಿದೆ. ಇದನ್ನು ೧೧೩೩ರಲ್ಲಿ ಕಟ್ಟಿಸಿದವನು ಬೊಪ್ಪ. ಅದು ತನ್ನ ತಂದೆ ಗಂಗರಾಜನ ನೆನಪಿಗಾಗಿ. ವಿಷ್ಣುವರ್ಧನನ ಮಹಾದಂಡನಾಯಕನಾದ ಈ ಗಂಗರಾಜನೇ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತಣ ಸುತ್ತಾಲಯವನ್ನು ಮಾಡಿಸಿದವನು. ಬಸದಿಯ ಶಾಸನದಲ್ಲಿ ಒಂದು ಸೊಗಸಾದ ಪ್ರಸಂಗವುಂಟು. ಪ್ರತಿಷ್ಠೆಯ ಪ್ರಸಾದವನ್ನು ತೆಗೆದುಕೊಂಡು ಅರ್ಚಕರು ಹೋದಾಗ ವಿಷ್ಣುವರ್ಧನನು ಬಂಕಾಪುರದಲ್ಲಿದ್ದನು. ಯುದ್ಧದಲ್ಲಿ ಗೆಲವು ಆಗಿತ್ತು. ಅದೇ ಸಮಯಕ್ಕೆ ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ಅರಸನು ಸಂತೋಷದಿಂದ ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಶಿವನ ಗುಡಿಗೆ ಅರಸನ ಹೆಸರು, ಜಿನನಿಗೆ ಅರಸನ ವಿಜಯದ ಹೆಸರು, ಬೇಲೂರಿನಲ್ಲಿ ಅರಸನೇ ಪ್ರತಿಷ್ಠೆ ಮಾಡಿಸಿದ ಕೇಶವ — ಒಂದೇ ಆಳ್ವಿಕೆಯಲ್ಲಿ ಈ ಮೂರೂ ನಡೆದುವೆಂಬುದನ್ನು ಆ ನೆರಳು ಕಾಣುವ ಕಂಬಗಳ ನಡುವೆ ನಿಂತು ನೆನೆಯಬೇಕು.

ಬಸದಿಗಳಿಂದ ಇನ್ನಷ್ಟು ಮುಂದೆ ಹೋದರೆ ಕೇದಾರೇಶ್ವರ. ಇಮ್ಮಡಿ ಬಲ್ಲಾಳನೂ ಅವನ ರಾಣಿ ಅಭಿನವ ಕೇತಲದೇವಿಯೂ ೧೨೧೯ರಲ್ಲಿ ಕಟ್ಟಿಸಿದ ಗುಡಿ. ನಕ್ಷತ್ರಾಕಾರದ ಇದರ ಬೆಡಗನ್ನು ಹಿಂದಿನವರು ಹೊಯ್ಸಳ ಶಿಲ್ಪದ ರತ್ನವೆಂದು ಹೊಗಳಿದರು. ಈಗ ನೋಡಿದರೆ ಮೇಲೆ ಶಿಖರವಿಲ್ಲ. ಆದರೆ ೧೯ನೆಯ ಶತಮಾನದ ಹಳೆಯ ಛಾಯಾಚಿತ್ರಗಳಲ್ಲಿ ಶಿಖರವಿದೆ. ಅದರ ಮೇಲೆ ಒಂದು ಆಲದ ಗಿಡವೂ ಇದೆ.

ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಏಕೆಂದರೆ ಈ ನಡಿಗೆಯ ಮುಖ್ಯ ಪಾಠ ಇಲ್ಲಿದೆ. ದೋರಸಮುದ್ರ ಏಕೆ ಹಾಳಾಯಿತೆಂದು ಕೇಳಿದರೆ ಎಲ್ಲರ ಬಾಯಲ್ಲಿಯೂ ಒಂದೇ ಉತ್ತರ: ಮಲಿಕ್ ಕಾಫರನ ದಾಳಿ. ಅದು ನಿಜವೇ. ೧೩೧೧ರಲ್ಲಿ ದಿಲ್ಲಿಯ ಅಲ್ಲಾವುದ್ದೀನನ ಸೇನಾಪತಿ ಮಲಿಕ್ ಕಾಫರನು ದಂಡೆತ್ತಿ ಬಂದಾಗ ಮುಮ್ಮಡಿ ಬಲ್ಲಾಳನು ಅಪಾರ ಧನವನ್ನೊಪ್ಪಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ೧೩೨೭ರ ಸುಮಾರಿಗೆ ತುಘಲಕನ ಸೈನ್ಯದಿಂದ ಮತ್ತೆ ಪೆಟ್ಟು ಬಿತ್ತು. ಬಲ್ಲಾಳನು ತಮಿಳುನಾಡಿನ ತಿರುವಣ್ಣಾಮಲೆಯಿಂದ ರಾಜ್ಯವಾಳಿದನು. ಮುಪ್ಪಿನಲ್ಲಿಯೂ ಕತ್ತಿ ಹಿಡಿದು, ೧೩೪೨ರ ಸುಮಾರಿನಲ್ಲಿ ಮಧುರೆಯ ಸುಲ್ತಾನನೊಡನೆ ಹೋರಾಡುತ್ತ ಮಡಿದನು. ಅರಸನಿಲ್ಲದ ಪಟ್ಟಣದಿಂದ ವರ್ತಕ ಹೋದ, ಶಿಲ್ಪಿ ಹೋದ, ಕವಿಯೂ ಹೋದ. ಇಷ್ಟೂ ಶತ್ರುವಿನಿಂದ ಆದದ್ದು.

ಆದರೆ ಕೇದಾರೇಶ್ವರನ ಶಿಖರವನ್ನು ಯಾವ ಸುಲ್ತಾನನೂ ಕೆಡವಲಿಲ್ಲ. ಐದು ಶತಮಾನಗಳಿಗೂ ಹೆಚ್ಚು ಕಾಲ ಅದು ನಿಂತೇ ಇತ್ತು. ಯಾವುದೋ ಹಕ್ಕಿ ತಂದು ಹಾಕಿದ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯಿತು. ಮೊದಲ ವರ್ಷ ಎರಡು ಬೆರಳಿನಿಂದ ಕಿತ್ತು ಎಸೆಯಬಹುದಾಗಿದ್ದ ಸಸಿ. ಕೀಳುವವರಿರಲಿಲ್ಲ. ಬೇರು ಸಂದಿಗಳಲ್ಲಿ ಇಳಿಯಿತು, ಹಿಗ್ಗಿತು, ಕಲ್ಲನ್ನು ಕಲ್ಲಿನಿಂದ ಸೀಳಿತು. ಕೊನೆಗೆ ಶಿಖರವೇ ಉರುಳಿತು. ಮೈಸೂರು ಸರಕಾರದ ಕಾಲದಲ್ಲಿ ಬಿದ್ದ ಕಲ್ಲುಗಳನ್ನು ಆಯ್ದು ಗುಡಿಯನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಶಿಖರ ಮಾತ್ರ ಮರಳಲಿಲ್ಲ. ದಂಡು ಬಂದು ಕೆಡಿಸಿದ್ದನ್ನು ನಾವು ತಲೆಮಾರುಗಳಿಂದ ಹೇಳಿಕೊಳ್ಳುತ್ತೇವೆ. ನೋಡಿಕೊಳ್ಳುವವರಿಲ್ಲದೆ ಕೆಟ್ಟದ್ದನ್ನು ಹೇಳಿಕೊಳ್ಳುವುದಿಲ್ಲ, ಏಕೆಂದರೆ ಆ ಕಥೆಯಲ್ಲಿ ಬೈಯುವುದಕ್ಕೆ ಬೇರೆಯವರು ಸಿಕ್ಕುವುದಿಲ್ಲ.

ಬುತ್ತಿ ಬಿಚ್ಚಿ ಊಟ ಮುಗಿಸಿದ ಮೇಲೆ, ಶಕ್ತಿಯಿದ್ದವರು ಇನ್ನೂ ನಡೆಯಬಹುದು. ನಗರೇಶ್ವರವೆಂಬ ಜಾಗದಲ್ಲಿ ಭಾರತ ಪುರಾತತ್ವ ಇಲಾಖೆಯವರು ದಿಬ್ಬವನ್ನು ಅಗೆದು, ಮಣ್ಣಿನಡಿ ಹುದುಗಿದ್ದ ದೇವಾಲಯಗಳ ತಳಪಾಯಗಳನ್ನು ಹೊರತೆಗೆದಿದ್ದಾರೆ. ಶಾಸನಗಳಲ್ಲಿ ‘ನಗರ’ವೆಂದರೆ ಕೇವಲ ಊರಲ್ಲ, ವರ್ತಕರ ಸಂಘವೆಂಬ ಅರ್ಥವೂ ಉಂಟು; ಆ ಸಂಘದ ದೇವರು ನಗರೇಶ್ವರ. ಬೆಣ್ಣೆಗುಡ್ಡದ ಬಳಿಯಲ್ಲಿ ಅರಮನೆಯಿತ್ತೆಂದು ಹೇಳುತ್ತಾರೆ. ಊರಿನ ಸುತ್ತ ಅಲ್ಲಲ್ಲಿ ದೊಡ್ಡ ಕಲ್ಲುಗಳ ಕೋಟೆಗೋಡೆ ಉಳಿದಿದೆ; ಅದರ ಜಾಡು ಹಿಡಿದು ಸ್ವಲ್ಪ ದೂರ ಹೋದರೆ ಪಟ್ಟಣ ಎಷ್ಟು ವಿಸ್ತಾರವಾಗಿತ್ತೆಂಬುದು ಕಾಲಿಗೇ ಅರಿವಾಗುತ್ತದೆ. ಊರ ಬಡಗಣ ಭಾಗದಲ್ಲಿ ಗುಡ್ಲೇಶ್ವರ, ವೀರಭದ್ರ, ಕುಂಬಳೇಶ್ವರ, ರಂಗನಾಥ ಎಂಬ ಚಿಕ್ಕ ಗುಡಿಗಳಿವೆ. ಹುಳಿಕೆರೆಯೆಂಬ ಹತ್ತಿರದ ಹಳ್ಳಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ಅದರ ಸುತ್ತ ಪುಟ್ಟ ಪುಟ್ಟ ಗುಡಿಗಳು. ದಾರಿ ತಿಳಿಯದಿದ್ದರೆ ಹೊಲದಲ್ಲಿ ಕೆಲಸ ಮಾಡುತ್ತಿರುವವರನ್ನು ಕೇಳಿ. ‘ಯಜಮಾನರೆ, ಹಳೇ ಗುಡಿ ಎಲ್ಲಿದೆ?’ ಎಂದರೆ ಕೈಯಲ್ಲಿದ್ದ ಗುದ್ದಲಿ ಬಿಟ್ಟು ಬಂದು ತೋರಿಸುವ ಜನ ಅವರು.

ಅವರ ಕಷ್ಟವನ್ನೂ ಒಂದು ಮಾತು ತಿಳಿದಿರಬೇಕು. ೨೦೧೦ರಲ್ಲಿ ತಿದ್ದುಪಡಿಯಾದ ಸ್ಮಾರಕ ಸಂರಕ್ಷಣಾ ಕಾನೂನಿನಂತೆ ಸಂರಕ್ಷಿತ ಸ್ಮಾರಕದ ೧೦೦ ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ ೨೦೦ ಮೀಟರಿನೊಳಗೆ ಕಟ್ಟಬೇಕಾದರೆ ಅನುಮತಿ ಬೇಕು. ಗುಡಿಯ ಮಗ್ಗುಲಲ್ಲಿ ಮನೆಯಿರುವವರಿಗೆ ಮಗನ ಮದುವೆಗೆಂದು ಒಂದು ಕೋಣೆ ಎಬ್ಬಿಸುವುದೂ ಸುಲಭವಲ್ಲ. ಇಲ್ಲಿಯ ಹೊಯ್ಸಳೇಶ್ವರ, ಬೇಲೂರಿನ ಚೆನ್ನಕೇಶವ, ಸೋಮನಾಥಪುರದ ಕೇಶವ — ಈ ಮೂರು ದೇವಾಲಯಗಳು ೨೦೨೩ರ ಸೆಪ್ಟೆಂಬರ್ ೧೮ರಂದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಮಗದು ಹಬ್ಬದ ಸುದ್ದಿ. ಆದರೆ ಆ ಹೆಮ್ಮೆಯ ಬೆಲೆಯಲ್ಲಿ ಒಂದು ಪಾಲನ್ನು ಆ ಹಳ್ಳಿಯವರು ತೆರುತ್ತಿದ್ದಾರೆ. ನೋಡಲು ಹೋದ ನಾವು ಅಲ್ಲಿಯೇ ಊಟ ಮಾಡಿ, ಅಲ್ಲಿಯೇ ನಾಲ್ಕು ಕಾಸು ಖರ್ಚು ಮಾಡಿ, ಎಲೆ ಕಾಗದಗಳನ್ನು ಅವರ ಹೊಲದಲ್ಲಿ ಎಸೆಯದೆ ಬಂದರೆ ಆ ಋಣದಲ್ಲಿ ಅಷ್ಟಾದರೂ ತೀರುತ್ತದೆ.

ಕಡೆಯ ಮಾತು. ದೋರಸಮುದ್ರವನ್ನು ನಡೆದು ನೋಡಿದ ಕಣ್ಣು ತನ್ನ ಊರನ್ನೂ ಬೇರೆಯಾಗಿ ನೋಡುತ್ತದೆ. ಹಾಸನದವರಿಗೆ ಮೊಸಳೆಯ ಜೋಡಿಗುಡಿಗಳೂ, ೧೧೧೩ರಲ್ಲಿ ಒಬ್ಬ ವರ್ತಕ ಕಟ್ಟಿಸಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯೂ ಕೂಗಳತೆಯಲ್ಲಿವೆ. ಚನ್ನರಾಯಪಟ್ಟಣದವರಿಗೆ ೧೨೪೬ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನಿದ್ದಾನೆ. ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿಯೂ, ಅರಕಲಗೂಡಿನ ಕಡೆಯ ಕಾವೇರಿ ದಂಡೆಯಲ್ಲಿಯೂ ಹಳೆಯ ಗುಡಿಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಪಟ್ಟಿಗೆ ಸೇರದವು, ಬೇಲಿಯಿಲ್ಲದವು, ಕಾವಲುಗಾರನಿಲ್ಲದವು ಎಷ್ಟೋ. ವೀರಗಲ್ಲುಗಳು ಕೆರೆಯ ತೂಬಿನ ಬಳಿ ಒಗೆಯುವ ಕಲ್ಲಾಗಿರುವುದುಂಟು. ಶಾಸನದ ಕಲ್ಲು ದನದ ಕೊಟ್ಟಿಗೆಗೆ ಹೊಸಲಾಗಿರುವುದುಂಟು. ಅದನ್ನು ಕಂಡವರು ಆ ಮನೆಯವರೊಡನೆ ಜಗಳಕ್ಕೆ ನಿಲ್ಲಬಾರದು. ಕಲ್ಲಿನ ಮೇಲೆ ಬರೆದಿರುವುದೇನೆಂದು ವಿನಯದಿಂದ ತಿಳಿಸಿಕೊಟ್ಟರೆ, ಅದು ತಮ್ಮ ಊರಿನದೇ ಕಥೆಯೆಂದು ಗೊತ್ತಾದರೆ, ಅವರೇ ಅದನ್ನು ಎತ್ತಿ ನಿಲ್ಲಿಸುತ್ತಾರೆ. ತಾಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ಒಂದು ಕಾಗದ ಬರೆಯುವುದಕ್ಕೂ ಪಾಂಡಿತ್ಯ ಬೇಕಾಗಿಲ್ಲ.

ಮುಂದಿನ ಭಾನುವಾರ ರೇಡಿಯೋದ ಬೆಳಗಿನ ವಾರ್ತೆ ಮುಗಿಯುತ್ತಲೇ ಹತ್ತಿರದ ಒಂದು ಹಳೆಯ ಗುಡಿಗೆ ಮನೆಮಂದಿಯೆಲ್ಲ ಹೋಗಿಬನ್ನಿ. ಒಳಗೆ ದೇವರಿಗೆ ಕೈಮುಗಿದ ಮೇಲೆ ಹೊರಗೆ ಬಂದು ಒಮ್ಮೆ ತಲೆಯೆತ್ತಿ ಮಾಡಿನ ಕಡೆ ನೋಡಿ. ಕಲ್ಲಿನ ಸಂದಿಯಲ್ಲಿ ಆಲವೋ ಅರಳಿಯೋ ಎರಡೆಲೆ ಚಿಗುರಿದ್ದರೆ, ಅದು ಇನ್ನೂ ಸಸಿಯಾಗಿರುವಾಗಲೇ ಪೂಜಾರಿಗಳಿಗೂ ಊರ ಹಿರಿಯರಿಗೂ ತೋರಿಸಿ.